ಏಳು ವರ್ಷದ ಮಗಳ ಕೈ ಮುರಿದಿದೆ, ಮೂಳೆ ಬಾಗಿದ್ದರೂ ಹಾಗೇ ಪ್ಲಾಸ್ಟರ್ ಹಾಕಿದ್ದಾರೆ. ಇದು ಸರಿನಾ?

ಮಿಂಚುಹುಳು:
ಎಲ್ಲರಿಗೂ ನಮಸ್ಕಾರ. ಮೊನ್ನೆ ಮಗಳು ಜೋತಾಡುವ ಕಂಬಿಯಿಂದ ಕೈ ಜಾರಿ ಬಿದ್ದಳು. ಅಂಗೈ ಊರಿ ಬಿದ್ದಿದ್ದರಿಂದ ಎಡಗೈಯಲ್ಲಿ ಹೆಬ್ಬೆರಳ ಕಡೆಯ ಮೂಳೆ, ಮಣಿಕಟ್ಟಿನಿಂದ ಸ್ವಲ್ಪ ಮೇಲೆ ಮುರಿದಿದೆ. ಡಾಕ್ಟರು ಎಕ್ಸ್‌ರೇ ತೋರಿಸಿ, "ಒಂದು 15 ಡಿಗ್ರಿ ಬಾಗಿದೆ, ಈ ವಯಸ್ಸಿಗೆ ಬೆಳೀತಾ ಬೆಳೀತಾ ತಾನೇ ನೆಟ್ಟಗಾಗುತ್ತೆ" ಅಂದರು. ಎಳೆದು ಕೂರಿಸಲಿಲ್ಲ. ಪ್ಲಾಸ್ಟರ್ ಹಾಕಿ, ವಾರ ಬಿಟ್ಟು ಮತ್ತೆ ಎಕ್ಸ್‌ರೇಗೆ ಬನ್ನಿ ಅಂತ ಕಳಿಸಿದರು.

ನನಗೆ ಸಮಾಧಾನವೇ ಆಗುತ್ತಿಲ್ಲ. ಸೊಟ್ಟಗೆ ಕೂಡಿಕೊಂಡ ಮೂಳೆ ಜೀವನಪೂರ್ತಿ ಸೊಟ್ಟಗೇ ಇರಲ್ವಾ? ನಮ್ಮ ಭಾವ ಫೋನ್ ಮೇಲೆ ಫೋನ್ ಮಾಡುತ್ತಿದ್ದಾರೆ. ನೆಟ್ಟಗೆ ಮಾಡದೆ ಪ್ಲಾಸ್ಟರ್ ಹಾಕುವುದು ಎಂಥ ಚಿಕಿತ್ಸೆ, ಬೇರೆ ಕಡೆ ತೋರಿಸಿ ರಾಡ್ ಹಾಕಿಸಿ ಅನ್ನುತ್ತಾರೆ. ನಮ್ಮ ಯಜಮಾನರು ಡಾಕ್ಟರ ಮಾತು ನಂಬೋಣ ಅನ್ನುತ್ತಾರೆ. ಮನೆಯಲ್ಲಿ ಬೆಳಗ್ಗೆಯಿಂದ ಇದೇ ಮಾತು.

ಇನ್ನೊಂದು ವಿಷಯ. ರಾತ್ರಿ ನೋವು ಅಂತ ಎದ್ದು ಕೂರುತ್ತಾಳೆ. ಪ್ಲಾಸ್ಟರ್ ಒಳಗೆ ಏನಾಗುತ್ತಿದೆಯೋ ಗೊತ್ತಾಗಲ್ಲ. ಏನು ನೋಡಬೇಕು, ಯಾವಾಗ ಗಾಬರಿ ಆಗಬೇಕು? ಗೊತ್ತಿರುವವರು ಹೇಳಿ.

ಗಾಳಿಪಟ:
ಡಾಕ್ಟರು ಹೇಳಿದ್ದು ಸರಿ ಇದೆ ಮೇಡಂ. ನನ್ನ ಮಗನಿಗೆ ಆರು ವರ್ಷ ಇದ್ದಾಗ ಇದೇ ಜಾಗದಲ್ಲಿ ಮುರಿದಿತ್ತು. ಪ್ಲಾಸ್ಟರ್ ಬಿಚ್ಚಿದಾಗ ಕೈ ಸೊಟ್ಟಗಿರೋದು ಬರಿಗಣ್ಣಿಗೇ ಕಾಣುತ್ತಿತ್ತು. ಈಗ ಎರಡೂ ಕೈ ಪಕ್ಕಪಕ್ಕ ಇಟ್ಟರೂ ಯಾವುದು ಮುರಿದಿದ್ದು ಅಂತ ಹೇಳೋಕಾಗಲ್ಲ.

ಹೊಂಗೆನೆರಳು:
ಒಂದು ಮಗುವಿನ ಅನುಭವ ಇಟ್ಟುಕೊಂಡು ಹೀಗೆ ಖಡಾಖಂಡಿತ ಹೇಳಬೇಡಿ. ನಮ್ಮ ಅಕ್ಕನ ಮಗಳಿಗೆ ಐದು ವರ್ಷಕ್ಕೆ ಕೈ ಮುರಿದಿತ್ತು. ಅವರಿಗೂ "ಬೆಳೀತಾ ಸರಿಯಾಗುತ್ತೆ" ಅಂತಲೇ ಹೇಳಿದ್ದರು. ಈಗ ಅವಳಿಗೆ ಹದಿನಾರು. ಕೈ ಚಾಚಿದರೆ ಮುಂಗೈ ಒಳಗಡೆ ತಿರುಗಿದ ಹಾಗೆ ಕಾಣುತ್ತದೆ. ತುಂಬು ತೋಳಿನ ಬಟ್ಟೆ ಬಿಟ್ಟು ಬೇರೆ ಹಾಕಲ್ಲ ಆ ಹುಡುಗಿ. ಹಾಗಾಗಿ ಇನ್ನೊಬ್ಬರಿಗೆ ತೋರಿಸುವುದರಲ್ಲಿ ಏನೂ ತಪ್ಪಿಲ್ಲ.

ಕಾಲುದಾರಿ:
ನಾನು ಮೂಳೆ ವಿಭಾಗದಲ್ಲಿ ತರಬೇತಿಯಲ್ಲಿರುವ ಡಾಕ್ಟರು. ಹೊಂಗೆನೆರಳು ಅವರೇ, ನಿಮ್ಮ ಅಕ್ಕನ ಮಗಳಿಗೆ ಮುರಿದಿದ್ದು ಮೊಣಕೈ ಹತ್ತಿರ ಅಲ್ವಾ? ನೀವು ವಿವರಿಸಿದ ರೀತಿ ನೋಡಿದರೆ ಮೊಣಕೈಯ ಸ್ವಲ್ಪ ಮೇಲೆ, ತೋಳಿನ ಮೂಳೆಯ ಕೆಳತುದಿ ಅನಿಸುತ್ತದೆ.

ಹೊಂಗೆನೆರಳು:
ಹೌದು, ಮೊಣಕೈ. ಆದರೆ ಮೂಳೆ ಮೂಳೆನೇ ಅಲ್ವಾ ಸರ್?

ಕಾಲುದಾರಿ:
ಅಲ್ಲ. ಇಲ್ಲೇ ಇರೋದು ವ್ಯತ್ಯಾಸ, ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಮಕ್ಕಳ ಉದ್ದ ಮೂಳೆ ಬೆಳೆಯುವುದು ಎರಡೂ ತುದಿಯಲ್ಲಿರುವ ಮೃದ್ವಸ್ಥಿಯ ಪದರದಿಂದ. ಗ್ರೋತ್ ಪ್ಲೇಟ್ ಅನ್ನುತ್ತೇವೆ. ಎರಡು ತುದಿಯೂ ಸಮನಾಗಿ ಬೆಳೆಯುವುದಿಲ್ಲ. ಮುಂಗೈಯಲ್ಲಿ ಹೆಬ್ಬೆರಳ ಕಡೆಯ ಮೂಳೆ ಉದ್ದವಾಗುವುದರಲ್ಲಿ ಶೇಕಡಾ 75ರಿಂದ 80ರಷ್ಟು ಮಣಿಕಟ್ಟಿನ ಕಡೆಯಿಂದ ಆಗುತ್ತದೆ. ತೋಳಿನ ಮೂಳೆಯಲ್ಲಿ ಇದು ಉಲ್ಟಾ. ಅಲ್ಲಿ ಶೇಕಡಾ 80ರಷ್ಟು ಬೆಳವಣಿಗೆ ಭುಜದ ಕಡೆ, ಮೊಣಕೈ ಕಡೆ ಬರೀ 20. ಮೂಳೆ ತನ್ನನ್ನು ತಾನೇ ನೆಟ್ಟಗೆ ಮಾಡಿಕೊಳ್ಳುವುದು ಈ ಬೆಳವಣಿಗೆಯ ಬಲದಿಂದ. ಹಾಗಾಗಿ ಮಣಿಕಟ್ಟಿನ ಹತ್ತಿರ ಬಾಗಿದ್ದು ಚೆನ್ನಾಗಿ ಸರಿ ಹೋಗುತ್ತದೆ. ಮೊಣಕೈ ಹತ್ತಿರ ಸೊಟ್ಟಗೆ ಕೂಡಿದರೆ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಅದಕ್ಕೇ ಮೊಣಕೈ ಮೂಳೆ ಜಾಗ ಬಿಟ್ಟು ಸರಿದಿದ್ದರೆ ಕಾಯದೆ ಸರಿಯಾಗಿ ಕೂರಿಸಿ ಪಿನ್ ಹಾಕುತ್ತಾರೆ.

ಬಾಗು ಯಾವ ದಿಕ್ಕಿಗೆ ಅನ್ನುವುದೂ ಮುಖ್ಯ. ಕೀಲು ಮಡಚುವ ದಿಕ್ಕಿನಲ್ಲೇ ಬಾಗಿದ್ದರೆ, ಅಂದರೆ ಅಂಗೈ ಕಡೆಗೋ ಮುಂಗೈ ಬೆನ್ನಿನ ಕಡೆಗೋ ಇದ್ದರೆ, ಸರಿ ಹೋಗುತ್ತದೆ. ತಿರುಚಿಕೊಂಡು ಕೂಡಿದ್ದರೆ ಎಷ್ಟು ವರ್ಷ ಕಾದರೂ ಬಿಚ್ಚಿಕೊಳ್ಳಲ್ಲ. ಇನ್ನು ವಯಸ್ಸು. ಏಳು ವರ್ಷದ ಹುಡುಗಿಗೆ ಮುಂದೆ ಬೆಳೆಯುವ ವರ್ಷ ಬೇಕಾದಷ್ಟಿವೆ. ಹದಿಮೂರರ ಹುಡುಗಿಗೆ ಇದೇ 15 ಡಿಗ್ರಿ ಇದ್ದಿದ್ದರೆ ನಾನೂ ಯೋಚನೆ ಮಾಡುತ್ತಿದ್ದೆ. ಮಣಿಕಟ್ಟಿನಲ್ಲಿ ಸಾಧಾರಣವಾಗಿ ವರ್ಷಕ್ಕೆ 10 ಡಿಗ್ರಿಯಷ್ಟು ಸರಿ ಹೋಗುತ್ತದೆ. ಹತ್ತು ವರ್ಷದೊಳಗಿನವರಲ್ಲಿ 20 ಡಿಗ್ರಿವರೆಗೂ ಸುಮ್ಮನೆ ಬಿಡುವುದು ಹೊಸದೇನಲ್ಲ.

ಮಿಂಚುಹುಳು ಅವರೇ, ಒಂದು ಮಾತು ಮಾತ್ರ ಮರೆಯಬೇಡಿ. ಆ ವಾರದ ಎಕ್ಸ್‌ರೇ ತಪ್ಪಿಸಬೇಡಿ. ಮೊದಲ ಎರಡು ವಾರದಲ್ಲಿ ಪ್ಲಾಸ್ಟರ್ ಒಳಗೇ ಮೂಳೆ ಇನ್ನಷ್ಟು ಸರಿಯಬಹುದು. ಊತ ಇಳಿದ ಮೇಲೆ ಪ್ಲಾಸ್ಟರ್ ಸಡಿಲ ಆಗುತ್ತದೆ, ಅದೇ ಕಾರಣ. ಬೇಗ ಗೊತ್ತಾದರೆ ಮತ್ತೆ ಕೂರಿಸಬಹುದು. ಮೂರು ವಾರ ಕಳೆದರೆ ಮಕ್ಕಳ ಮೂಳೆ ಆಗಲೇ ಅಂಟಿಕೊಂಡಿರುತ್ತದೆ.

ಮಿಂಚುಹುಳು:
ಸರ್, ತುಂಬಾ ಥ್ಯಾಂಕ್ಸ್. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಆದರೆ ಎಕ್ಸ್‌ರೇ ಫೋಟೋದಲ್ಲಿ ಮಣಿಕಟ್ಟಿನ ಹತ್ತಿರ ಇನ್ನೊಂದು ಕಪ್ಪು ಗೆರೆ ಇದೆ. ಮೂಳೆಯ ತುದಿ ಪೂರ್ತಿ ಬೇರೆಯಾಗಿ ಬಿದ್ದ ಹಾಗೆ ಕಾಣುತ್ತದೆ. ಅದನ್ನು ಡಾಕ್ಟರು ಹೇಳಲೇ ಇಲ್ಲ. ಅದೂ ಮುರಿದಿದೆಯಾ?

ಎಕ್ಸ್‌ರೇ_ಕೊಠಡಿ:
ಅದೇ ಗ್ರೋತ್ ಪ್ಲೇಟ್. ಎಕ್ಸ್‌ರೇ ತೆಗೆಯುವುದೇ ನನ್ನ ಕೆಲಸ, ಫಿಲ್ಮ್ ಕೈಗೆ ಬಂದ ತಕ್ಷಣ ಅಪ್ಪ ಅಮ್ಮಂದಿರು ಬೆರಳಿಟ್ಟು ಕೇಳುವುದು ಇದೇ ಗೆರೆಯನ್ನು. ಮೃದ್ವಸ್ಥಿ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಅದಕ್ಕೆ ಅಲ್ಲಿ ಖಾಲಿ ಬಿಟ್ಟ ಹಾಗಿರುತ್ತದೆ. ಅವಳ ಬಲಗೈ ಎಕ್ಸ್‌ರೇ ತೆಗೆದರೂ ಅದೇ ಗೆರೆ ಇರುತ್ತದೆ. ಮಣಿಕಟ್ಟಿನ ಸಣ್ಣ ಮೂಳೆಗಳೂ ಅಷ್ಟೇ. ದೊಡ್ಡವರಲ್ಲಿ ಎಂಟು ಇರುತ್ತವೆ. ಹುಟ್ಟಿದಾಗ ಒಂದೂ ಕಾಣುವುದಿಲ್ಲ. ವರ್ಷ ಕಳೆದ ಹಾಗೆ ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ.

ಆದರೆ ಕೆಲವು ಮಕ್ಕಳಲ್ಲಿ ಬಿರುಕು ಆ ಪದರಕ್ಕೂ ಹೋಗಿರುತ್ತದೆ. 1963ರಲ್ಲಿ ಸಾಲ್ಟರ್ ಮತ್ತು ಹ್ಯಾರಿಸ್ ಅನ್ನುವ ಇಬ್ಬರು ಡಾಕ್ಟರು ಅದನ್ನು ಐದು ಬಗೆಯಾಗಿ ವಿಂಗಡಿಸಿದರು. ಇವತ್ತಿಗೂ ವರದಿಯಲ್ಲಿ ಹಾಗೇ ಬರೆಯುತ್ತಾರೆ. ನಿಮ್ಮ ವರದಿಯಲ್ಲಿ ಸಾಲ್ಟರ್-ಹ್ಯಾರಿಸ್ ಅಂತ ಇದೆಯಾ ನೋಡಿ. ಇದ್ದರೆ ಯಾವ ನಂಬರ್ ಅಂತ ಕೇಳಿ. ಎರಡನೇ ಬಗೆ ಎಲ್ಲಕ್ಕಿಂತ ಜಾಸ್ತಿ ಬರುವುದು, ಸಾಮಾನ್ಯವಾಗಿ ಚೆನ್ನಾಗಿ ಕೂಡುತ್ತದೆ. ಮೂರು, ನಾಲ್ಕು ಕೀಲಿನ ಒಳಗೆ ಹೋಗಿರುತ್ತವೆ. ಅವನ್ನು ಕರಾರುವಾಕ್ಕಾಗಿ ಕೂರಿಸಲೇಬೇಕು.

ಮಿಂಚುಹುಳು:
ವರದಿ ನೋಡಿದೆ. ಆ ಹೆಸರು ಎಲ್ಲೂ ಇಲ್ಲ. ಗ್ರೀನ್‌ಸ್ಟಿಕ್ ಅಂತ ಬರೆದಿದ್ದಾರೆ.

ಕಾಲುದಾರಿ:
ಒಳ್ಳೆಯದಾಯ್ತು. ಹಸಿ ಕಡ್ಡಿ ಬಗ್ಗಿಸಿದರೆ ಒಂದು ಕಡೆ ಸೀಳಿ ಇನ್ನೊಂದು ಕಡೆ ಬಾಗಿ ಉಳಿಯುತ್ತದಲ್ಲ, ಹಾಗೆ ಆಗಿದೆ. ಮಕ್ಕಳ ಮೂಳೆಯ ಮೇಲಿನ ಪೊರೆ ದಪ್ಪ ಇರುತ್ತದೆ. ಅದು ಒಂದು ಕಡೆ ಹರಿಯದೆ ಉಳಿದು ಮೂಳೆಯನ್ನು ಹಿಡಿದುಕೊಂಡಿರುತ್ತದೆ. ಬೇಗ ಕೂಡುವುದೂ ಅದರಿಂದಲೇ. ಆದರೆ ಈ ತರಹದ್ದು ಪ್ಲಾಸ್ಟರ್ ಒಳಗೆ ಇನ್ನಷ್ಟು ಬಾಗಬಹುದು. ಹಾಗಾಗಿ ಎಕ್ಸ್‌ರೇ ಮಾತು ಮತ್ತೆ ಹೇಳುತ್ತಿದ್ದೇನೆ.

ಅಂಗಳ:
ಇಷ್ಟೊಂದು ಎಕ್ಸ್‌ರೇ ಮಗುವಿಗೆ ಒಳ್ಳೆಯದಾ? ರೇಡಿಯೇಷನ್ ಅಂತ ಹೆದರಿಕೆ ಆಗಲ್ವಾ ಯಾರಿಗೂ?

ಎಕ್ಸ್‌ರೇ_ಕೊಠಡಿ:
ಕೈ ಎಕ್ಸ್‌ರೇಗೆ ಹೆದರುವ ಅಗತ್ಯವಿಲ್ಲ. ಒಂದು ಸಲಕ್ಕೆ ಸುಮಾರು 0.001 ಮಿಲಿಸೀವರ್ಟ್ (ಮೈಗೆ ತಾಗುವ ರೇಡಿಯೇಷನ್ ಅಳೆಯುವ ಲೆಕ್ಕ). ನೆಲ, ಗಾಳಿ, ಆಕಾಶದಿಂದ ನಮ್ಮೆಲ್ಲರಿಗೂ ವರ್ಷಕ್ಕೆ ಸುಮಾರು 3 ಮಿಲಿಸೀವರ್ಟ್ ಹೇಗೂ ಬರುತ್ತದೆ. ಅಂದರೆ ಒಂದು ಕೈ ಎಕ್ಸ್‌ರೇ ಕೆಲವು ಗಂಟೆ ಸುಮ್ನೆ ಕೂತಿದ್ದಕ್ಕೆ ಸಮ. ಸಿಟಿ ಸ್ಕ್ಯಾನ್ ಬೇರೆ ವಿಷಯ, ಅದರಲ್ಲಿ ಬಹಳ ಜಾಸ್ತಿ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಸಂಜೆಗಾಳಿ:
ರಾತ್ರಿ ಏನು ನೋಡಬೇಕು ಅಂದಿರಲ್ಲ, ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ. ನಾನು ಮಕ್ಕಳ ವಾರ್ಡಿನಲ್ಲಿ ನರ್ಸ್.

ಬೆರಳು ನೋಡಿ. ಪ್ಲಾಸ್ಟರ್ ಒಳಗೆ ಏನಾಗುತ್ತಿದೆ ಅನ್ನುವುದನ್ನು ಬೆರಳೇ ಹೇಳುತ್ತದೆ. ಉಗುರನ್ನು ಒತ್ತಿ ಬಿಡಿ. ಬೆಳ್ಳಗಾಗಿದ್ದು ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ಆ ಕೈಯ ಬೆರಳನ್ನೂ ಇನ್ನೊಂದು ಕೈಯ ಬೆರಳನ್ನೂ ಮುಟ್ಟಿ, ಎರಡೂ ಒಂದೇ ತರ ಬೆಚ್ಚಗಿರಬೇಕು. ಕಣ್ಣು ಮುಚ್ಚಿಸಿ ಯಾವ ಬೆರಳು ಮುಟ್ಟಿದೆ ಅಂತ ಕೇಳಿ. ಬೆರಳು ಮಡಚಿ ಬಿಚ್ಚಲು ಹೇಳಿ. ಮಲಗುವ ಮುಂಚೆ ಒಂದು ಸಲ, ರಾತ್ರಿ ಎದ್ದಾಗ ಒಂದು ಸಲ ನೋಡಿದರೆ ಸಾಕು. ನಿಮಗೂ ಧೈರ್ಯ ಬರುತ್ತದೆ.

ಮೊದಲ ಎರಡು ಮೂರು ದಿನ ಕೈ ಎದೆಗಿಂತ ಮೇಲೆ ಇರಲಿ. ಹಗಲು ಸ್ಲಿಂಗ್ ಸರಿ. ಆದರೆ ಸ್ಲಿಂಗ್ ಕೆಳಗೆ ಜೋತು ಬಿದ್ದು ಬೆರಳು ನೆಲ ನೋಡುತ್ತಿದ್ದರೆ ಏನೂ ಪ್ರಯೋಜನ ಇಲ್ಲ. ಮಲಗಿದಾಗ ಪಕ್ಕದಲ್ಲಿ ಎರಡು ದಿಂಬು ಇಟ್ಟು ಅದರ ಮೇಲೆ ಕೈ ಇಡಿ. ರಾತ್ರಿ ನೋವು ಜಾಸ್ತಿ ಆಗುವುದು ಬಹುಮಟ್ಟಿಗೆ ಊತದಿಂದ. ದಿಂಬು ಸರಿಯಾದರೆ ಅರ್ಧ ನೋವು ಇಳಿಯುತ್ತದೆ.

ಇನ್ನು ಗಾಬರಿ ಯಾವಾಗ. ಔಷಧಿ ಕೊಟ್ಟರೂ ನೋವು ಏರುತ್ತಲೇ ಹೋದರೆ, ಬೆರಳನ್ನು ನೀವು ಮೆಲ್ಲಗೆ ನೆಟ್ಟಗೆ ಮಾಡಿದರೂ ಕಿರುಚಿದರೆ, ಬೆರಳು ಬಿಳಿಚಿದರೆ ಅಥವಾ ನೀಲಿಯಾದರೆ, ಜೋಮು ಬಿಡದಿದ್ದರೆ, ಬೆಳಗಾಗಲಿ ಅಂತ ಕಾಯಬೇಡಿ. ಆ ಹೊತ್ತಿಗೇ ಹೊರಡಿ. ಚಿಕ್ಕ ಮಕ್ಕಳಿಗೆ ಹೀಗೀಗೆ ನೋವು ಅಂತ ಹೇಳೋಕೆ ಬರಲ್ಲ. ಸುಮ್ಮನೆ ಚಡಪಡಿಸುತ್ತವೆ, ಏನು ಮಾಡಿದರೂ ಸಮಾಧಾನ ಆಗಲ್ಲ. ಅದನ್ನು ಹಟ ಅಂದುಕೊಳ್ಳಬೇಡಿ.

ಕಾಲುದಾರಿ:
ಸಂಜೆಗಾಳಿ ಅವರ ಕೊನೆಯ ಪ್ಯಾರಾವನ್ನು ಎಲ್ಲರೂ ಎರಡು ಸಲ ಓದಿ. ಬಿಗಿ ಕಟ್ಟಿನ ಒಳಗೆ ರಕ್ತ ಓಡದೆ ಕೈಯ ಸ್ನಾಯು ಸತ್ತು ಬೆರಳು ಮುದುಡಿಕೊಳ್ಳುವುದನ್ನು ಜರ್ಮನಿಯ ರಿಚರ್ಡ್ ಫಾನ್ ಫೋಲ್ಕ್‌ಮನ್ 1881ರಲ್ಲೇ ವಿವರಿಸಿದ್ದರು. ಆಗುವುದು ಅಪರೂಪ, ಆದರೆ ಒಮ್ಮೆ ಆಯಿತು ಅಂದರೆ ವಾಪಸ್ ಬರಲ್ಲ. ಅನುಮಾನ ಬಂದು ಹೋದರೆ ಪ್ಲಾಸ್ಟರ್ ಸೀಳಿ ಸಡಿಲ ಮಾಡುತ್ತಾರೆ, ಅಷ್ಟೇ. ಸುಮ್ನೆ ಬಂದಿರಿ ಅಂತ ಯಾರೂ ಬೈಯಲ್ಲ. ಬೈದರೂ ಪರವಾಗಿಲ್ಲ, ಹೋಗಿ.

ನೀಲಿಗರಿ:
ನೋವಿಗೆ ಐಬುಪ್ರೊಫೆನ್ ಕೊಡಬೇಡಿ, ಮೂಳೆ ಕೂಡುವುದು ನಿಧಾನ ಆಗುತ್ತೆ ಅಂತ ಓದಿದ್ದೇನೆ. ಪ್ಯಾರಾಸಿಟಮಾಲ್ ಮಾತ್ರ ಕೊಡಿ.

ಸಂಜೆಗಾಳಿ:
ಆ ಭಯ ಹುಟ್ಟಿದ್ದು ಬಹುಪಾಲು ಪ್ರಾಣಿಗಳ ಮೇಲಿನ ಪ್ರಯೋಗದಿಂದ. ಮಕ್ಕಳಲ್ಲಿ ನಾಲ್ಕು ದಿನ ಕೊಟ್ಟಿದ್ದಕ್ಕೆ ಮೂಳೆ ಕೂಡದೆ ಹೋಗಿದ್ದು ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ನಮ್ಮಲ್ಲಿ ಎರಡನ್ನೂ ಕೊಡುತ್ತಾರೆ. ಅಳತೆ ವಯಸ್ಸಿನ ಮೇಲಲ್ಲ, ತೂಕದ ಮೇಲೆ. ಡಾಕ್ಟರು ಎಷ್ಟು ಬರೆದಿದ್ದಾರೋ ಅಷ್ಟೇ ಕೊಡಿ. ಮಕ್ಕಳಿಗೆ ಆಸ್ಪಿರಿನ್ ಮಾತ್ರ ಬೇಡ.

ನೀಲಿಗರಿ:
ನಮ್ಮ ಡಾಕ್ಟರು ಬೇಡ ಅಂದಿದ್ದರು, ಅದಕ್ಕೆ ಹೇಳಿದೆ.

ಕಾಲುದಾರಿ:
ಬೇಡ ಅನ್ನುವ ಡಾಕ್ಟರು ಈಗಲೂ ಇದ್ದಾರೆ, ನಿಜ. ನಿಮ್ಮ ಮಗುವಿನ ಡಾಕ್ಟರು ಹಾಗೆ ಹೇಳಿದ್ದರೆ ಅವರ ಮಾತೇ ಕೇಳಿ. ಅಸ್ತಮಾ, ಕಿಡ್ನಿ ತೊಂದರೆ ಇರುವ ಮಕ್ಕಳೂ ಇರುತ್ತಾರಲ್ಲ.

ಚಿಕ್ಕಿ:
ನನಗೆ ಬೇರೆಯದೇ ಸಂಕಟ. ನನ್ನ ಮಗನಿಗೆ ಒಂದೂವರೆ ವರ್ಷ. ನಾನು ತೊಡೆ ಮೇಲೆ ಕೂರಿಸಿಕೊಂಡು ಜಾರುಬಂಡೆಯಿಂದ ಜಾರಿದೆ. ಕೆಳಗೆ ಬಂದ ಮೇಲೆ ಕಾಲು ಊರಲು ಒಲ್ಲೆ ಅಂದ. ಊತ ಇಲ್ಲ, ಗಾಯ ಇಲ್ಲ. ಎಕ್ಸ್‌ರೇಯಲ್ಲೂ ಏನೂ ಕಾಣಲಿಲ್ಲ. ಆದರೂ ಮೂಳೆ ಬಿರುಕು ಇರಬಹುದು ಅಂತ ಕಾಲಿಗೆ ಪಟ್ಟಿ ಹಾಕಿದ್ದಾರೆ. ಕಾಣದೇ ಇರೋದಕ್ಕೆ ಪಟ್ಟಿ ಯಾಕೆ?

ಕಾಲುದಾರಿ:
ಈ ವಯಸ್ಸಿನಲ್ಲಿ ಕಣಕಾಲಿನ ಮೂಳೆಯಲ್ಲಿ ಸುತ್ತುವರಿದ ಹಾಗೆ ತೆಳು ಬಿರುಕು ಬರುತ್ತದೆ. ಮೊದಲ ದಿನ ಎಕ್ಸ್‌ರೇಯಲ್ಲಿ ಕಾಣದೇ ಇರುವುದು ತುಂಬಾ ಸಾಮಾನ್ಯ. ಹತ್ತು ಹದಿನಾಲ್ಕು ದಿನ ಬಿಟ್ಟು ತೆಗೆದರೆ ಮೂಳೆ ಸುತ್ತ ಹೊಸ ಪದರ ಬೆಳೆದಿರುತ್ತದೆ, ಆಗ ಖಾತ್ರಿ ಆಗುತ್ತದೆ. ನಿಮ್ಮ ಡಾಕ್ಟರು ಮಗುವಿನ ನಡೆ ನೋಡಿ ಸರಿಯಾಗಿ ನಿರ್ಧಾರ ಮಾಡಿದ್ದಾರೆ.

ಜಾರುಬಂಡೆಯಲ್ಲಿ ಹೀಗಾಗುವುದು ಹೇಗೆ ಅಂದರೆ, ಮಗುವಿನ ಬೂಟು ಪಕ್ಕದ ಅಂಚಿಗೆ ಸಿಕ್ಕಿ ಅಲ್ಲೇ ನಿಲ್ಲುತ್ತದೆ. ದೊಡ್ಡವರ ಭಾರ ಕೆಳಗೆ ಎಳೆಯುತ್ತಲೇ ಇರುತ್ತದೆ. ಮಗು ಒಂದೇ ಜಾರಿದ್ದರೆ ಕಾಲು ಸಿಕ್ಕಿದ ತಕ್ಷಣ ನಿಲ್ಲುತ್ತಿತ್ತು. ಜೋಪಾನ ಅಂತ ತೊಡೆ ಮೇಲೆ ಕೂರಿಸಿಕೊಳ್ಳುವವರಿಗೆ ಇದು ಹೊಳೆಯುವುದೇ ಇಲ್ಲ. ಓದುತ್ತಿರುವವರು ಗೊತ್ತಿಲ್ಲದವರಿಗೆ ದಯವಿಟ್ಟು ತಿಳಿಸಿ.

ಅಂಗಳ:
ಅಯ್ಯೋ, ನಾವು ದಿನಾ ಹಾಗೇ ಜಾರುತ್ತೇವಲ್ಲ! ಇವತ್ತಿನಿಂದ ನಿಲ್ಲಿಸಿದೆ.

ಚಿಕ್ಕಿ:
ಇನ್ನೊಂದು ಬೇಜಾರು. ಅಲ್ಲಿ ಎಲ್ಲರೂ ಒಬ್ಬರಾದ ಮೇಲೆ ಒಬ್ಬರು ಬಂದು "ಹೇಗಾಯ್ತು, ಯಾರಿದ್ದರು, ಮತ್ತೆ ಹೇಳಿ" ಅಂತ ಕೇಳಿದರು. ನಾನೇ ಮಗುವಿಗೆ ಏನೋ ಮಾಡಿದ ಹಾಗೆ. ಮಗು ಅಳುತ್ತಿದೆ, ಅವರಿಗೆ ವಿಚಾರಣೆ.

ಸಂಜೆಗಾಳಿ:
ನಿಮ್ಮ ಬೇಜಾರು ಅರ್ಥ ಆಗುತ್ತದೆ. ಆದರೂ ಕೇಳುವುದನ್ನು ನಾನು ಬಿಡಲ್ಲ. ನಡೆಯಲು ಬಾರದ ಮಗುವಿಗೆ ಮೂಳೆ ಮುರಿದಿದ್ದರೆ, ಹೇಳಿದ ಕಥೆಗೂ ಗಾಯಕ್ಕೂ ತಾಳೆ ಆಗದಿದ್ದರೆ, ಆ ಮಗುವನ್ನು ಯಾರೋ ಹೊಡೆದಿರಬಹುದು. ಮಗು ಬಾಯಿಬಿಟ್ಟು ಹೇಳಲ್ಲ. ಮುಖ ನೋಡಿ ಇವರು ಒಳ್ಳೆಯವರು, ಇವರನ್ನು ಕೇಳೋದು ಬೇಡ ಅಂತ ಬಿಟ್ಟರೆ ಒಂದು ದಿನ ಒಂದು ಮಗು ಕೈತಪ್ಪುತ್ತದೆ. ಅದಕ್ಕೆ ಎಲ್ಲರನ್ನೂ ಕೇಳುತ್ತೇವೆ. ಮೃದುವಾಗಿ ಕೇಳಬೇಕು, ಅದು ನಮ್ಮ ಜವಾಬ್ದಾರಿ. ನಿಮ್ಮ ವಿಷಯದಲ್ಲಿ ಹಾಗೆ ಕೇಳಲಿಲ್ಲ ಅಂದರೆ ಅದು ತಪ್ಪೇ.

ಚಿಕ್ಕಿ:
ಹೀಗೆ ಹೇಳಿದ ಮೇಲೆ ಸಿಟ್ಟು ಇಳಿಯಿತು.

ಗಾಳಿಪಟ:
ಮೊದಲ ಪ್ರಶ್ನೆಗೆ ಬರೋಣ. ಮಿಂಚುಹುಳು ಅವರೇ, ಮುಂದಿನ ವಾರದಿಂದ ತುರಿಕೆ ಶುರುವಾಗುತ್ತದೆ, ಈಗಲೇ ಹೇಳಿಟ್ಟಿರುತ್ತೇನೆ. ಪೆನ್ಸಿಲ್, ಸ್ಕೇಲು, ಕಡ್ಡಿ ಏನೂ ಒಳಗೆ ತೂರಿಸಲು ಬಿಡಬೇಡಿ. ಒಳಗೆ ಗೀರಾದರೆ ಹೊರಗೆ ಕಾಣಲ್ಲ, ಕೀವಾದ ಮೇಲೆ ವಾಸನೆಯಿಂದ ಗೊತ್ತಾಗುತ್ತದೆ. ಪುಡಿ ಸುರಿಯುವುದೂ ಬೇಡ, ಬೆವರಿಗೆ ಗಂಟುಗಂಟಾಗುತ್ತದೆ. ಕೂದಲು ಒಣಗಿಸುವ ಡ್ರೈಯರ್ ಇದ್ದರೆ ತಣ್ಣನೆ ಗಾಳಿಗೆ ಇಟ್ಟು ಅಂಚಿನಿಂದ ಒಳಗೆ ಬಿಡಿ. ಬಿಸಿ ಗಾಳಿ ಖಂಡಿತ ಬೇಡ. ಪ್ಲಾಸ್ಟರ್ ಹೊರಗಿನಿಂದ ಬೆರಳಲ್ಲಿ ತಟ್ಟಿದರೂ ಮಕ್ಕಳಿಗೆ ಸಮಾಧಾನ ಆಗುತ್ತದೆ.

ಅಂಗಳ:
ಬಿಳಿ ಪ್ಲಾಸ್ಟರಾ, ಬಣ್ಣದ್ದಾ? ನನ್ನ ತಂಗಿ ಮಗನಿಗೆ ಹಸಿರು ಬಣ್ಣದ್ದು ಹಾಕಿದ್ದರು. ಬಿಚ್ಚುವಾಗ ಬೇಡ ಅಂತ ಅತ್ತ.

ಕಾಲುದಾರಿ:
ಬಣ್ಣದ್ದು ಫೈಬರ್‌ಗ್ಲಾಸ್. ಹಗುರ, ಗಟ್ಟಿ, ಬೇಗ ಒಣಗುತ್ತದೆ. ಬಿಳಿಯದು ಪ್ಲಾಸ್ಟರ್ ಆಫ್ ಪ್ಯಾರಿಸ್, ಜಿಪ್ಸಮ್ ಸುಟ್ಟು ಮಾಡಿದ ಪುಡಿ. ನೀರು ತಾಗಿದರೆ ಬಿಸಿಯಾಗುತ್ತಾ ಗಟ್ಟಿಯಾಗುತ್ತದೆ. ಹಾಕಿದಾಗ ಮಗು "ಬಿಸಿ ಬಿಸಿ" ಅಂದರೆ ಹೆದರಬೇಡಿ. ಆದರೆ ಪೂರ್ತಿ ಒಣಗಲು ಎರಡು ದಿನ ಬೇಕು, ಅಲ್ಲಿವರೆಗೆ ಬೆರಳು ಒತ್ತಿದರೆ ಗುಳಿ ಬೀಳುತ್ತದೆ. ಆ ಗುಳಿ ಒಳಗೆ ಚರ್ಮಕ್ಕೆ ಒತ್ತಿ ಹುಣ್ಣಾಗಬಹುದು. ಹಸಿ ಪ್ಲಾಸ್ಟರನ್ನು ಅಂಗೈಯಲ್ಲಿ ಹಿಡಿಯಿರಿ, ಬೆರಳ ತುದಿಯಲ್ಲಿ ಬೇಡ.

ಫೈಬರ್‌ಗ್ಲಾಸ್ ನೀರಿಗೆ ಹಾಳಾಗಲ್ಲ ಅಂತ ಸ್ನಾನಕ್ಕೆ ಬಿಡುವವರಿದ್ದಾರೆ. ಹೊರಗಿನ ಚಿಪ್ಪು ಹಾಳಾಗಲ್ಲ, ನಿಜ. ಒಳಗಿನ ಹತ್ತಿ ನೆನೆದು ಹಾಗೇ ಉಳಿಯುತ್ತದೆ. ಯಾವುದೇ ಆಗಲಿ, ಪ್ಲಾಸ್ಟಿಕ್ ಚೀಲ ಕಟ್ಟಿ, ಕೈ ಮೇಲೆತ್ತಿ ಸ್ನಾನ ಮಾಡಿಸಿ.

ಹೊಂಗೆನೆರಳು:
ಕಾಲುದಾರಿ ಸರ್, ಒಂದು ಅನುಮಾನ. ನಮ್ಮ ಪಕ್ಕದ ಮನೆ ಹುಡುಗನಿಗೆ ಮಣಿಕಟ್ಟೇ ಮುರಿದಿದೆ, ಆದರೆ ಅವನಿಗೆ ಪ್ಲಾಸ್ಟರೇ ಹಾಕಿಲ್ಲ. ಬರೀ ಬಟ್ಟೆ ಪಟ್ಟಿ ಸುತ್ತಿ ಕಳಿಸಿದ್ದಾರೆ. ಮತ್ತೆ ಬರೋದೂ ಬೇಡ ಅಂದರಂತೆ. ಇದು ಅಸಡ್ಡೆ ಅಲ್ವಾ?

ಕಾಲುದಾರಿ:
ಅವನಿಗೆ ಬಕಲ್ ಫ್ರ್ಯಾಕ್ಚರ್ ಆಗಿರಬೇಕು. ಮೂಳೆ ಎರಡಾಗಿರುವುದಿಲ್ಲ, ಒತ್ತಡಕ್ಕೆ ಒಂದು ಜಾಗದಲ್ಲಿ ಉಬ್ಬಿರುತ್ತದೆ ಅಷ್ಟೇ. ಅದು ಸರಿಯುವುದೇ ಇಲ್ಲ. ಬ್ರಿಟನ್ನಿನಲ್ಲಿ 965 ಮಕ್ಕಳ ಮೇಲೆ ಇದನ್ನೇ ಪರೀಕ್ಷೆ ಮಾಡಿದರು. ಅರ್ಧ ಮಕ್ಕಳಿಗೆ ಗಟ್ಟಿ ಪಟ್ಟಿ, ಅರ್ಧ ಮಕ್ಕಳಿಗೆ ಮೆತ್ತನೆ ಬ್ಯಾಂಡೇಜ್. ಮೂರು ದಿನದ ನೋವಿನಲ್ಲೂ, ಮುಂದೆ ಕೈ ಆಡಿಸುವುದರಲ್ಲೂ ವ್ಯತ್ಯಾಸ ಇರಲಿಲ್ಲ. 2022ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಕಡಿಮೆ ಕಟ್ಟಿದರೆ ಅಸಡ್ಡೆ, ಜಾಸ್ತಿ ಕಟ್ಟಿದರೆ ಒಳ್ಳೆ ಚಿಕಿತ್ಸೆ ಅನ್ನುವ ಲೆಕ್ಕ ಮೂಳೆಗೆ ಹೊಂದಲ್ಲ. ಮಕ್ಕಳಿಗೆ ಬೇಡದ ಆಪರೇಷನ್ ಆಗುವುದು ಇಂಥ ಲೆಕ್ಕದಿಂದಲೇ.

ಹೊಂಗೆನೆರಳು:
ಸರಿ, ಒಪ್ಪಿದೆ. ಆದರೂ ಇನ್ನೊಬ್ಬ ಡಾಕ್ಟರನ್ನು ಕೇಳುವುದು ತಪ್ಪಲ್ಲ ಅನ್ನುವ ಮಾತು ಹಿಂತೆಗೆದುಕೊಳ್ಳಲ್ಲ.

ಕಾಲುದಾರಿ:
ತೆಗೆದುಕೊಳ್ಳಬೇಡಿ. ಕೇಳಲಿ. ಆದರೆ ಮಕ್ಕಳ ಮೂಳೆ ನೋಡಿ ಅನುಭವ ಇರುವವರನ್ನೇ ಕೇಳಲಿ.

ಬೆಳದಿಂಗಳು:
ನನ್ನ ಮಗನಿಗೆ ಒಂಬತ್ತು ವರ್ಷ. ಇದು ಅವನ ಎರಡನೇ ಮುರಿತ. ಮೊದಲು ಮುಂಗೈ, ಈಗ ಕಣಕಾಲು. ಮೂಳೆಯೇ ದುರ್ಬಲ ಇರಬಹುದಾ?

ಕಾಲುದಾರಿ:
ಗಂಡು ಮಕ್ಕಳಲ್ಲಿ ಮುರಿತ ಅಪರೂಪವೇನಲ್ಲ. ಸ್ವೀಡನ್ನಿನ ಮಾಲ್ಮೊ ಊರಿನಲ್ಲಿ ಮಾಡಿದ ಒಂದು ಅಧ್ಯಯನ 1983ರಲ್ಲಿ ಬಂತು. ಹದಿನಾರು ತುಂಬುವುದರೊಳಗೆ ಒಮ್ಮೆಯಾದರೂ ಮೂಳೆ ಮುರಿದುಕೊಳ್ಳುವ ಸಂಭವ ಹುಡುಗರಲ್ಲಿ ಶೇಕಡಾ 42, ಹುಡುಗಿಯರಲ್ಲಿ 27. ಆದರೆ ಹತ್ತು ವರ್ಷದೊಳಗೆ ಉದ್ದ ಮೂಳೆ ಎರಡು ಸಲ ಮುರಿದಿದ್ದರೆ ಒಮ್ಮೆ ಗಮನಿಸಿ ನೋಡಬೇಕು ಅಂತ ತಜ್ಞರ ಮಾರ್ಗಸೂಚಿ ಇದೆ. ಮರದಿಂದ ಬಿದ್ದು ಮುರಿದಿದ್ದರೆ ಒಂದು ಮಾತು. ಸುಮ್ನೆ ಎಡವಿದ್ದಕ್ಕೆ ಮುರಿದಿದ್ದರೆ ಬೇರೆ ಮಾತು. ವಿಟಮಿನ್ ಡಿ ಪರೀಕ್ಷೆ ಮಾಡಿಸಿ. ಮನೆಯಲ್ಲಿ ಇನ್ಯಾರಿಗಾದರೂ ಪದೇ ಪದೇ ಮೂಳೆ ಮುರಿದಿದ್ದರೆ, ಕಣ್ಣಿನ ಬಿಳಿ ಭಾಗ ನೀಲಿ ಛಾಯೆ ಇದ್ದರೆ, ಡಾಕ್ಟರಿಗೆ ತಪ್ಪದೆ ಹೇಳಿ.

ಬೆಳದಿಂಗಳು:
ಎರಡೂ ಸಲ ಎತ್ತರದಿಂದಲೇ ಬಿದ್ದಿದ್ದು. ಆದರೂ ಪರೀಕ್ಷೆ ಮಾಡಿಸುತ್ತೇನೆ. ಧನ್ಯವಾದ.

ಮಿಂಚುಹುಳು:
ವಾರದ ಎಕ್ಸ್‌ರೇ ಆಯ್ತು! ಬಾಗು ಜಾಸ್ತಿ ಆಗಿಲ್ಲ. ಇಲ್ಲಿ ಓದಿಕೊಂಡು ಹೋಗಿದ್ದಕ್ಕೆ ಸರಿಯಾದ ಪ್ರಶ್ನೆ ಕೇಳಲು ಆಯ್ತು. ಬಾಗು ಯಾವ ದಿಕ್ಕಿಗೆ, ತಿರುಚಿದೆಯಾ, ಗ್ರೋತ್ ಪ್ಲೇಟ್‌ಗೆ ಏನಾದರೂ ಆಗಿದೆಯಾ, ಎಲ್ಲಾ ಕೇಳಿದೆ. ಡಾಕ್ಟರು ಕೂತು ಬಿಡಿಸಿ ಹೇಳಿದರು. ಭಾವನನ್ನೂ ಫೋನಿನಲ್ಲಿ ಸೇರಿಸಿದೆ, ಅವರೂ ಕೇಳಿಸಿಕೊಂಡರು.

ದಿಂಬಿನ ಮೇಲೆ ಕೈ ಇಟ್ಟ ರಾತ್ರಿಯಿಂದ ನಿದ್ದೆ ಮಾಡುತ್ತಿದ್ದಾಳೆ. ಉಗುರು ಒತ್ತಿ ನೋಡುವುದನ್ನು ಈಗ ಅವಳೇ ಮಾಡುತ್ತಾಳೆ. ಒತ್ತುತ್ತಾಳೆ, "ಒಂದು, ಎರಡು" ಅಂತ ಎಣಿಸಿ, "ಕೆಂಪಾಯ್ತು ಅಮ್ಮಾ" ಅಂತ ಕೂಗುತ್ತಾಳೆ. ತಮ್ಮನ ಉಗುರೂ ಒತ್ತಿ ನೋಡುತ್ತಾಳೆ.

ಈಗ ಹೊಸ ಹೆದರಿಕೆ. ಪ್ಲಾಸ್ಟರ್ ಬಿಚ್ಚುವಾಗ ಗರಗಸ ಹಾಕುತ್ತಾರೆ ಅಂತ ಕ್ಲಾಸಿನಲ್ಲಿ ಯಾರೋ ಹೇಳಿದ್ದಾರೆ. ಕೈ ಕತ್ತರಿಸುತ್ತಾರೆ ಅಂತ ಅಳುತ್ತಾಳೆ.

ಸಂಜೆಗಾಳಿ:
ಆ ಗರಗಸ ಗಿರಗಿರ ತಿರುಗುವುದಿಲ್ಲ ಅಂತ ಹೇಳಿ. ಅಲಗು ಇದ್ದಲ್ಲೇ ಆ ಕಡೆ ಈ ಕಡೆ ಸ್ವಲ್ಪವೇ ಅದುರುತ್ತದೆ. ಗಟ್ಟಿ ಪ್ಲಾಸ್ಟರ್ ಸೀಳುತ್ತದೆ. ಚರ್ಮ ಮೆತ್ತಗಿರುವುದರಿಂದ ಅದರ ಜೊತೆಯಲ್ಲೇ ಅಲುಗುತ್ತದೆ, ಕತ್ತರಿಸಿಕೊಳ್ಳಲ್ಲ. ಮಕ್ಕಳು ಹೆದರುವುದು ಸದ್ದಿಗೆ. ಕಿವಿಗೆ ಹೆಡ್‌ಫೋನ್ ಹಾಕಿ, ಅವಳ ಇಷ್ಟದ ಹಾಡು ಇಡಿ. ಅಲಗು ಬಿಸಿಯಾಗುವುದುಂಟು, "ಬಿಸಿ ಅನಿಸಿದರೆ ತಕ್ಷಣ ಹೇಳು, ನಿಲ್ಲಿಸುತ್ತಾರೆ" ಅಂತ ಮೊದಲೇ ಹೇಳಿಕೊಟ್ಟಿರಿ. ನಿಲ್ಲಿಸುವ ಅಧಿಕಾರ ತನ್ನ ಕೈಯಲ್ಲಿದೆ ಅಂತ ಗೊತ್ತಾದರೆ ಮಕ್ಕಳು ಎಷ್ಟೋ ಧೈರ್ಯ ಮಾಡುತ್ತಾರೆ. ಸಾಧ್ಯವಾದರೆ ಮೊದಲು ನಿಮ್ಮ ಅಂಗೈಗೆ ತಾಗಿಸಿ ತೋರಿಸಲು ಕೇಳಿ.

ನೀಲಿಗರಿ:
ಬಿಚ್ಚಿದ ಮೇಲೆ ಕೈ ನೋಡಿ ನೀವೇ ಹೆದರಬೇಡಿ. ತೆಳ್ಳಗಾಗಿರುತ್ತದೆ. ಚರ್ಮ ಒಣಗಿ ಪದರ ಪದರ ಎದ್ದಿರುತ್ತದೆ. ನನ್ನ ಮಗಳಿಗೆ ಆ ಕೈಯಲ್ಲಿ ಮಾತ್ರ ಕಪ್ಪು ಕೂದಲು ದಟ್ಟವಾಗಿ ಬೆಳೆದಿತ್ತು. ಕೆಲವು ತಿಂಗಳಲ್ಲಿ ತಾನೇ ಉದುರಿತು. ಉಜ್ಜಿ ತೊಳೆಯಬೇಡಿ, ಬೆಚ್ಚನೆ ನೀರಿನಲ್ಲಿ ನೆನೆಸಿ ಮೆಲ್ಲಗೆ ಒರೆಸಿ.

ಅಂಗಳ:
ಬಿಚ್ಚಿದ ಮೇಲೆ ಎಣ್ಣೆ ಹಚ್ಚಿ ಚೆನ್ನಾಗಿ ತಿಕ್ಕಿಸಿ, ಕೀಲು ಬೇಗ ಸಡಿಲ ಆಗುತ್ತದೆ.

ಕಾಲುದಾರಿ:
ಚರ್ಮಕ್ಕೆ ಸವರಿದರೆ ತೊಂದರೆ ಇಲ್ಲ. ತಿಕ್ಕಿ, ಎಳೆದು, ಬಲವಂತವಾಗಿ ಮಡಚುವುದು ಬೇಡ. ಅದರಲ್ಲೂ ಮೊಣಕೈಗೆ ಹಾಗೆ ಮಾಡಿದರೆ ಸ್ನಾಯುವಿನ ಒಳಗೇ ಮೂಳೆ ಬೆಳೆದು ಕೀಲು ಬಿಗಿದುಕೊಳ್ಳಬಹುದು. ಮಕ್ಕಳಿಗೆ ಕೈ ಬಳಸಲು ಬಿಟ್ಟರೆ ಸಾಕು, ಆಟವಾಡುತ್ತಾ ತಾವೇ ಸಡಿಲ ಮಾಡಿಕೊಳ್ಳುತ್ತಾರೆ. ಮಣಿಕಟ್ಟಿನ ಮುರಿತಕ್ಕೆ ಬಹುತೇಕ ಮಕ್ಕಳಿಗೆ ಫಿಸಿಯೋಥೆರಪಿಯೂ ಬೇಕಾಗಲ್ಲ.

ಅಂಗಳ:
ಅಜ್ಜಿಯರ ಕಾಲದಿಂದ ಮಾಡಿಕೊಂಡು ಬಂದಿದ್ದು ಸರ್, ಎಲ್ಲರೂ ಚೆನ್ನಾಗೇ ಇದ್ದಾರೆ.

ಸಂಜೆಗಾಳಿ:
ಚೆನ್ನಾಗಿರುವವರು ವಾರ್ಡಿಗೆ ಬರಲ್ಲ ಅಕ್ಕ. ಬರುವವರನ್ನು ನೋಡಿ ಹೇಳುತ್ತಿದ್ದೇವೆ. ಸವರಿ, ತಿಕ್ಕಬೇಡಿ.

ಗಾಳಿಪಟ:
ಆಟಕ್ಕೆ ಯಾವಾಗ ಬಿಡಬಹುದು ಅಂತಲೂ ಹೇಳಿಬಿಡಿ ಸರ್. ಪ್ಲಾಸ್ಟರ್ ಬಿಚ್ಚಿದ ದಿನವೇ ನನ್ನ ಮಗ ಸೈಕಲ್ ಹತ್ತಿದ್ದ, ಹಿಡಿದು ಇಳಿಸಿದೆ. ಮುರಿದು ಕೂಡಿದ ಜಾಗ ಮೊದಲಿಗಿಂತ ಗಟ್ಟಿ ಅಂತಾರಲ್ಲ, ನಿಜಾನಾ?

ಕಾಲುದಾರಿ:
ಕೂಡುವಾಗ ಸುತ್ತ ಬೆಳೆಯುವ ಗಂಟು ದಪ್ಪ ಕಾಣುತ್ತದೆ, ಅದನ್ನು ನೋಡಿ ಹಾಗೆ ಹೇಳುತ್ತಾರೆ. ಕೊನೆಗೆ ಅದು ಮೊದಲಿನಷ್ಟೇ ಗಟ್ಟಿ, ಜಾಸ್ತಿ ಏನಿಲ್ಲ. ಬಿಚ್ಚಿದ ಹೊಸದರಲ್ಲಿ ಇನ್ನೂ ಪೂರ್ತಿ ಬಲಿತಿರುವುದಿಲ್ಲ. ಅದರಲ್ಲೂ ಗ್ರೀನ್‌ಸ್ಟಿಕ್ ಆದ ಮುಂಗೈ ಅದೇ ಜಾಗದಲ್ಲಿ ಮತ್ತೆ ಮುರಿಯುವುದುಂಟು. ನಡೆದಾಟ, ಬರವಣಿಗೆ, ಮನೆಯೊಳಗಿನ ಆಟ ಎಲ್ಲಾ ಮೊದಲ ದಿನದಿಂದಲೇ ಆಗಬಹುದು. ಸೈಕಲ್, ಕಂಬಿ, ಟ್ರ್ಯಾಂಪೊಲಿನ್, ತಳ್ಳಾಟದ ಆಟ ಇನ್ನೂ ನಾಲ್ಕರಿಂದ ಆರು ವಾರ ಬೇಡ. ನಿಮ್ಮ ಡಾಕ್ಟರು ಇನ್ನೂ ಜಾಸ್ತಿ ಹೇಳಿದರೆ ಅಷ್ಟು ಕಾಯಿರಿ.

ಮಿಂಚುಹುಳು:
ಆರು ವಾರ ಕಂಬಿ ಇಲ್ಲ ಅಂತ ನಾನು ಹೇಳಿದರೆ ಕೇಳಲ್ಲ. ಡಾಕ್ಟರ ಬಾಯಲ್ಲೇ ಹೇಳಿಸುತ್ತೇನೆ. ಎಲ್ಲರಿಗೂ ತುಂಬು ಹೃದಯದ ಧನ್ಯವಾದ.

ಬೆಳದಿಂಗಳು:
ಕಾಲುದಾರಿ ಸರ್, ಕಣಕಾಲಿಗೂ ಇದೇ ಲೆಕ್ಕಾನಾ? ಅವನಿಗೆ ಮೊಣಕಾಲಿನ ಮೇಲಿನವರೆಗೂ ಪ್ಲಾಸ್ಟರ್ ಇದೆ, ಕಾಲು ಊರಬೇಡ ಅಂದಿದ್ದಾರೆ.

ಕಾಲುದಾರಿ:
ಕಾಲಿಗೆ ಜಾಸ್ತಿ ಸಮಯ ಬೇಕು, ಮೈಭಾರ ಹೊರಬೇಕಲ್ಲ. ಬಿಚ್ಚಿದ ಮೇಲೂ ಕೆಲವು ವಾರ ಕುಂಟುತ್ತಾನೆ, ಅದು ಸಹಜ. ಎಕ್ಸ್‌ರೇ ವರದಿಯಲ್ಲಿ ಏನು ಬರೆದಿದ್ದಾರೆ ಅಂತ ಹೊಸ ಪೋಸ್ಟ್ ಹಾಕಿ, ಅಲ್ಲಿ ಮಾತಾಡೋಣ.